ಮಲೇರಿಯಾ ಹರಡುವ ಬಗೆ: ನಾಲೆ ಬಯಲಿನ ಸೊಳ್ಳೆ ಮತ್ತು ಹನ್ನೆರಡು ದಿನದ ಲೆಕ್ಕ

ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ನಾಲೆ ಬಯಲಿನಲ್ಲಿ ಮಲೇರಿಯಾ ಹರಡಬಲ್ಲ ಸೊಳ್ಳೆ ಇವತ್ತಿಗೂ ಇದೆ. ಗದ್ದೆಗೆ ನೀರು ಬಿಟ್ಟ ಮೇಲೆ ಅದರ ಸಂಖ್ಯೆ ಏರುತ್ತದೆ. ಬೆಳಗಿನ ಹೊತ್ತು ಟಾರ್ಚ್ ಹಿಡಿದು ಕೊಟ್ಟಿಗೆಯ ಗೋಡೆ, ಸೂರಿನ ಕತ್ತಲ ಮೂಲೆಗಳನ್ನು ನೋಡಿದರೆ, ಹಿಂಭಾಗವನ್ನು ಓರೆಯಾಗಿ ಮೇಲೆತ್ತಿಕೊಂಡು ಕೂತಿರುವ ಆ ಸೊಳ್ಳೆ, ಅನಾಫಿಲಿಸ್, ಸಿಗುತ್ತದೆ. ಈ ಸೀಮೆಯಲ್ಲಿ ಕಾಯಿಲೆ ಅಪರೂಪವಾಗಿದ್ದರೆ ಅದಕ್ಕೆ ಕಾರಣ ಜನರ ರಕ್ತದಲ್ಲಿ ರೋಗಾಣು ಕಡಿಮೆಯಾಗಿರುವುದು. ಸೊಳ್ಳೆ ಎಲ್ಲೂ ಹೋಗಿಲ್ಲ. ಹಾಗಾಗಿ ಹೊರಗಡೆ ಸೋಂಕು ತಗುಲಿಸಿಕೊಂಡ ಒಬ್ಬರು ಇಲ್ಲಿಗೆ ಬಂದು, ಎರಡು ಮೂರು ವಾರ ಯಾರೂ ರಕ್ತ ಪರೀಕ್ಷೆ ಮಾಡದೆ ಬಿಟ್ಟರೆ, ಕಾಯಿಲೆ ಇಲ್ಲಿಯದೇ ಆಗಿಬಿಡಬಹುದು. ಆ ಎರಡು ಮೂರು ವಾರದಲ್ಲಿ ನಡೆಯುವುದೇನು ಎಂಬುದು ಅರ್ಥವಾದರೆ ಯಾವ ಕೆಲಸಕ್ಕೆ ಬೆಲೆ ಇದೆ, ಯಾವುದು ಬರೀ ಹೊಗೆ ಎಂಬುದೂ ತಿಳಿಯುತ್ತದೆ.

ಸೊಳ್ಳೆಯೊಳಗೆ

ರಕ್ತ ಹೀರುವುದು ಹೆಣ್ಣು ಸೊಳ್ಳೆ ಮಾತ್ರ. ಮೊಟ್ಟೆ ಬಲಿಯಲು ಅದಕ್ಕೆ ರಕ್ತ ಬೇಕು. ಎರಡು ಮೂರು ದಿನಕ್ಕೊಮ್ಮೆ ರಕ್ತ ಕುಡಿದು, ಮೊಟ್ಟೆ ಇಟ್ಟು, ಮತ್ತೆ ರಕ್ತ ಹುಡುಕಿಕೊಂಡು ಬರುತ್ತದೆ. ಮಲೇರಿಯಾ ಇರುವವರನ್ನು ಕಚ್ಚಿದರೆ ರಕ್ತದ ಜೊತೆಗೆ ಪರಾವಲಂಬಿಯ ಗಂಡು ಮತ್ತು ಹೆಣ್ಣು ರೂಪಗಳು ಅದರ ಹೊಟ್ಟೆಗೆ ಹೋಗುತ್ತವೆ. ಇವನ್ನು ಗ್ಯಾಮಿಟೋಸೈಟ್ ಎನ್ನುತ್ತಾರೆ. ಅವು ಅಲ್ಲಿ ಕೂಡಿ, ಹೊಟ್ಟೆಯ ಗೋಡೆಯನ್ನು ದಾಟಿ, ಅದರ ಹೊರಮೈಗೆ ಅಂಟಿಕೊಂಡು ಸಣ್ಣ ಗಂಟುಗಳಾಗುತ್ತವೆ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಈ ಗಂಟುಗಳನ್ನೇ. ಗಂಟು ಬಲಿತು ಒಡೆದಾಗ ಅದರೊಳಗಿನ ರೋಗಾಣು ಮರಿಗಳು, ಅಂದರೆ ಸಾವಿರಾರು ಸ್ಪೋರೊಜಾಯಿಟ್‌ಗಳು ಹೊರಬಂದು ಸೊಳ್ಳೆಯ ಜೊಲ್ಲುಗ್ರಂಥಿ ಸೇರುತ್ತವೆ. ಅಲ್ಲಿಂದ ಮುಂದೆ ಆ ಸೊಳ್ಳೆ ಕಚ್ಚಿದವರಿಗೆಲ್ಲ ಸೋಂಕು ತಗುಲಬಹುದು.

ಇಷ್ಟಕ್ಕೆ 25ರಿಂದ 28 ಡಿಗ್ರಿ ಶಾಖದಲ್ಲಿ 10ರಿಂದ 14 ದಿನ ಹಿಡಿಯುತ್ತದೆ. ಚಳಿ ಹೆಚ್ಚಿದಷ್ಟೂ ನಿಧಾನ. ನಮ್ಮಲ್ಲಿರುವ ಎರಡು ಮುಖ್ಯ ಬಗೆಗಳಲ್ಲಿ, ಸುಮಾರು 16 ಡಿಗ್ರಿಗಿಂತ ಕೆಳಗೆ ವೈವಾಕ್ಸ್ ಪರಾವಲಂಬಿ ಬೆಳೆಯುವುದೇ ಇಲ್ಲ, ಫಾಲ್ಸಿಪೇರಮ್‌ಗೆ ಇನ್ನೂ ಸ್ವಲ್ಪ ಹೆಚ್ಚು ಬಿಸಿ ಬೇಕು. ನಮ್ಮ ಕಡೆ ಇಡೀ ದಿನದ ಸರಾಸರಿ ಅಷ್ಟು ಕೆಳಗೆ ಇಳಿಯದ ಕಾರಣ ಮಾಗಿಯಲ್ಲಿ ವೇಗ ತಗ್ಗುತ್ತದೆಯೇ ಹೊರತು ಪೂರ್ತಿ ನಿಲ್ಲುವುದಿಲ್ಲ. ಮಳೆ ಹಿಡಿದು ಗಾಳಿಯಲ್ಲಿ ತೇವ ಇರುವ ತಿಂಗಳುಗಳಲ್ಲಿ ಸೊಳ್ಳೆಯ ಆಯಸ್ಸೂ ಹೆಚ್ಚು, ಆದ್ದರಿಂದ ಅಪಾಯವೂ ಹೆಚ್ಚು.

ಮಲೇರಿಯಾ ನಿಯಂತ್ರಣದ ಗುಟ್ಟು ಇರುವುದು ಈ ಆಯಸ್ಸಿನಲ್ಲಿ. ಸೊಳ್ಳೆ ಬದುಕುವುದೇ ಎರಡು ಮೂರು ವಾರ, ಪರಾವಲಂಬಿ ಬಲಿಯಲು ಬೇಕಾದ್ದು ಹನ್ನೆರಡು ದಿನ. ಒಂದು ಲೆಕ್ಕ ಹಾಕೋಣ. ಪ್ರತಿದಿನ ನೂರಕ್ಕೆ 80 ಸೊಳ್ಳೆ ಉಳಿಯುತ್ತವೆ ಎಂದುಕೊಂಡರೆ, ಸಾವಿರ ಸೊಳ್ಳೆಗಳಲ್ಲಿ ಹನ್ನೆರಡು ದಿನ ದಾಟುವುದು ಸುಮಾರು 69. ದಿನಕ್ಕೆ ನೂರಕ್ಕೆ 60 ಮಾತ್ರ ಉಳಿಯುವಂತೆ ಮಾಡಿದರೆ ಹನ್ನೆರಡನೇ ದಿನಕ್ಕೆ ಉಳಿಯುವುದು 2. ಸೊಳ್ಳೆಗಳನ್ನು ಪೂರ್ತಿ ನಿರ್ಮೂಲ ಮಾಡಬೇಕಾಗಿಲ್ಲ, ಅವು ಮುದಿಯಾಗದಂತೆ ನೋಡಿಕೊಂಡರೆ ಸರಪಳಿ ಕಡಿಯುತ್ತದೆ. ಔಷಧ ಲೇಪಿತ ಸೊಳ್ಳೆ ಪರದೆ ಮತ್ತು ಮನೆಯೊಳಗಿನ ಗೋಡೆಗೆ ಹೊಡೆಯುವ ಕೀಟನಾಶಕ ಫಲ ಕೊಡುವುದು ಇದೇ ಕಾರಣಕ್ಕೆ. ಹನ್ನೆರಡು ದಿನದಲ್ಲಿ ಸೊಳ್ಳೆ ನಾಲ್ಕೈದು ಸಲ ಮನೆಗೆ ಬರಬೇಕು, ಪ್ರತಿ ಸಲವೂ ಸಾಯುವ ಸಂದರ್ಭ ಎದುರಾಗುತ್ತದೆ. ಬೀದಿಯಲ್ಲಿ ಫಾಗಿಂಗ್ ಹೊಗೆ ಬಿಟ್ಟರೆ ಆ ಕ್ಷಣಕ್ಕೆ ಹಾರುತ್ತಿದ್ದವು ಸಾಯುತ್ತವೆ, ಕೊಟ್ಟಿಗೆಯೊಳಗೆ ಕೂತದ್ದು ಕೂತೇ ಇರುತ್ತದೆ.

ಯಾವ ನೀರಿನಲ್ಲಿ ಹುಟ್ಟುತ್ತದೆ

ಚರಂಡಿ ಗಬ್ಬು ನಾರುತ್ತಿದೆ, ಇನ್ನು ಮಲೇರಿಯಾ ಬಂದೇ ಬರುತ್ತದೆ ಎನ್ನುವವರು ಬಹಳ ಜನ. ಕೊಳೆತ ಚರಂಡಿಯಲ್ಲಿ ಹೆಚ್ಚಾಗಿ ಹುಟ್ಟುವುದು ಕ್ಯೂಲೆಕ್ಸ್ ಸೊಳ್ಳೆ. ಅದು ರಾತ್ರಿ ನಿದ್ದೆ ಕೆಡಿಸುತ್ತದೆ, ಆನೆಕಾಲು ರೋಗ ಹರಡಬಲ್ಲದು, ಮಲೇರಿಯಾ ಹರಡಲಾರದು. ಡೆಂಗಿ ತರುವ ಈಡಿಸ್ ಹಗಲು ಕಚ್ಚುತ್ತದೆ. ಮಲೇರಿಯಾದ ಅನಾಫಿಲಿಸ್ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ, ಮೊಟ್ಟೆ ಇಡುವುದು ಬಹುಪಾಲು ತಿಳಿ ನೀರಿನಲ್ಲಿ. ಚರಂಡಿ ಶುಚಿ ಮಾಡುವುದು ಬೇರೆ ಕಾರಣಗಳಿಗೆ ಬೇಕೇ ಬೇಕು. ಆದರೆ ಚರಂಡಿಗೆ ಪೌಡರ್ ಎರಚಿ ಮಲೇರಿಯಾ ಕೆಲಸ ಮುಗಿಯಿತೆಂದು ಹೊರಟರೆ ಜನರಿಗೆ ಅನ್ಯಾಯ ಮಾಡಿದಂತೆ.

ನಮ್ಮ ಹಳ್ಳಿಗಾಡಿನಲ್ಲಿ ಮುಖ್ಯವಾದದ್ದು ಅನಾಫಿಲಿಸ್ ಕ್ಯುಲಿಸಿಫೇಸಿಸ್. ನಾಲೆಯ ಬದಿಯಲ್ಲಿ ಜಿನುಗಿ ನಿಂತ ನೀರು, ತೂಬಿನ ಕೆಳಗಿನ ಗುಂಡಿ, ಮಣ್ಣು ತೆಗೆದ ಹಳ್ಳ, ಬತ್ತುತ್ತಿರುವ ಹಳ್ಳದ ಮಡು, ಬಳಸದ ಬಾವಿ, ಹೊಸದಾಗಿ ನಾಟಿ ಮಾಡಿದ ಗದ್ದೆ ಇದರ ತಾಣಗಳು. ಗದ್ದೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಈ ಸೊಳ್ಳೆ ನೀರಿನ ಮೇಲೆ ಕೂತು ಮೊಟ್ಟೆ ಇಡುವುದಕ್ಕಿಂತ ಹೆಚ್ಚಾಗಿ, ನೀರಿಗೆ ಹತ್ತಿರ ಮೇಲೆ ಕೆಳಗೆ ತೂಗಾಡುತ್ತ ಒಂದೊಂದೇ ಮೊಟ್ಟೆ ಉದುರಿಸುತ್ತದೆ. ನಾಟಿಯ ಹೊಸದರಲ್ಲಿ ಪೈರಿನ ನಡುವೆ ಬಿಸಿಲು ಬೀಳುವ ಬಯಲು ನೀರು ಇರುವುದರಿಂದ ಇದಕ್ಕೆ ಅನುಕೂಲ. ಪೈರು ಒಂದಡಿ ಎತ್ತರಕ್ಕೆ ಬಂದು ಒತ್ತಾದ ಮೇಲೆ ತೂಗಾಡಲು ಎಡೆ ಸಿಗದೆ ಅದು ಆ ಗದ್ದೆಯನ್ನು ಬಿಟ್ಟುಕೊಡುತ್ತದೆ, ಅಷ್ಟಾಗಿ ಅಪಾಯವಿಲ್ಲದ ಬೇರೆ ಅನಾಫಿಲಿಸ್‌ಗಳು ಬರುತ್ತವೆ. ಆದ್ದರಿಂದ ಇಡೀ ಬೆಳೆಯ ಕಾಲ ಹೆದರಬೇಕಿಲ್ಲ. ಉತ್ತು ನೀರು ಕಟ್ಟಿದಾಗಿನಿಂದ ನಾಟಿಯಾದ ಮೊದಲ ಕೆಲವು ವಾರ ಪರದೆ ಬಿಡಬಾರದು.

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ನೀರು ಬಿಟ್ಟಾಗ ಇನ್ನೊಂದು ಸಂಗತಿ ಗಮನಿಸಬೇಕು. ಗದ್ದೆ ನಡುವೆ ಕೆಲವು ದಿನ ಪೂರ್ತಿ ಒಣಗಿದರೆ ಮರಿಗಳು ಸಾಯುತ್ತವೆ, ಅದು ಲಾಭ. ಆದರೆ ನಾಲೆ ನಿಂತಾಗ ಅದರ ತಳದಲ್ಲಿ, ಬಸಿಗಾಲುವೆಯಲ್ಲಿ ಅಲ್ಲಲ್ಲಿ ಮಡುಗಟ್ಟಿ ಉಳಿಯುವ ನೀರಿಗೆ ಹರಿವೂ ಇಲ್ಲ, ಎಷ್ಟೋ ಕಡೆ ಮೀನೂ ಇಲ್ಲ. ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ನಮ್ಮ ಹವೆಯಲ್ಲಿ ಹೆಚ್ಚು ಕಡಿಮೆ 7ರಿಂದ 10 ದಿನ ಸಾಕು. ಹೂಳು ಮತ್ತು ಜೊಂಡು ತೆಗೆದು ಇಳಿಜಾರು ಸರಿಮಾಡಿದ ಬಸಿಗಾಲುವೆಯಲ್ಲಿ ಈ ಮಡುಗಳು ಆಗುವುದಿಲ್ಲ. ರೈತರ ಕೆಲಸವೂ ಆರೋಗ್ಯ ಇಲಾಖೆಯ ಕೆಲಸವೂ ಇಲ್ಲಿ ಒಂದೇ.

ಕ್ಯುಲಿಸಿಫೇಸಿಸ್‌ಗೆ ಮನುಷ್ಯನಿಗಿಂತ ದನದ ರಕ್ತ ಹೆಚ್ಚು ಪ್ರಿಯ. ಇದರಿಂದ ನಮಗೆ ಸ್ವಲ್ಪ ರಕ್ಷಣೆ ಸಿಗುತ್ತದೆ ನಿಜ. ಆದರೆ ಕೊಟ್ಟಿಗೆ ಮನೆಗೆ ಅಂಟಿಕೊಂಡಿದ್ದರೆ ದನಕ್ಕೆಂದು ಬಂದದ್ದು ಪಕ್ಕದ ಜಗುಲಿಯಲ್ಲಿ ಮಲಗಿದವರನ್ನೂ ಕಚ್ಚುತ್ತದೆ. ಸೊಳ್ಳೆ ಲಕ್ಷಗಟ್ಟಲೆ ಇದ್ದಾಗ ಅದರಲ್ಲಿ ಸಣ್ಣ ಪಾಲು ಮನುಷ್ಯನ ಕಡೆ ತಿರುಗಿದರೂ ಸಾಕಾಗುತ್ತದೆ.

ಮೈಸೂರು ನಗರದಲ್ಲಿ ಲೆಕ್ಕ ಬೇರೆ. ಅಲ್ಲಿ ನೋಡಿಕೊಳ್ಳಬೇಕಾದದ್ದು ಅನಾಫಿಲಿಸ್ ಸ್ಟೆಫೆನ್ಸೈ, ಸಂಪು ಮತ್ತು ಓವರ್‌ಹೆಡ್ ಟ್ಯಾಂಕ್‌ನ ಸೊಳ್ಳೆ. ಈ ಜಾತಿಯ ಒಂದು ಬಗೆಗೆ ಮೈಸೂರಿನ ಹೆಸರೇ ಇದೆ: ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಸ್ವೀಟ್ ಮತ್ತು ರಾವ್ 1937ರಲ್ಲಿ, ಮೊಟ್ಟೆಯ ಎರಡೂ ಬದಿಯ ತೇಲುಗಳ ಮೇಲಿನ ಗೆರೆಗಳನ್ನು ಎಣಿಸಿ, ಗೆರೆ ಕಡಿಮೆ ಇರುವ ಬಗೆಯನ್ನು ‘ಮೈಸೊರೆನ್ಸಿಸ್’ ಎಂದು ಬೇರ್ಪಡಿಸಿದರು. ಅದು ಹಳ್ಳಿಗಳ ಬಗೆ, ರೋಗ ಹರಡುವುದರಲ್ಲಿ ದುರ್ಬಲ. ನಗರದ ಟ್ಯಾಂಕುಗಳಲ್ಲಿ ಬೆಳೆಯುವ ಇನ್ನೊಂದು ಬಗೆ ಸಮರ್ಥ ವಾಹಕ.

ಮನೆ ಕಟ್ಟುವವರು ಮೋಲ್ಡ್ ಹಾಕಿದ ಮೇಲೆ ಸಿಮೆಂಟಿನ ಸಣ್ಣ ಕಟ್ಟೆ ಕಟ್ಟಿ, ಕ್ಯೂರಿಂಗ್‌ಗೆಂದು ಎರಡು ವಾರ ನೀರು ನಿಲ್ಲಿಸುತ್ತಾರೆ. ಬಿಸಿಲು ಬೀಳುವ, ಮೀನಿಲ್ಲದ ತಿಳಿ ನೀರು ಎರಡು ವಾರ ನಿಂತರೆ ಒಂದು ತಲೆಮಾರು ಸೊಳ್ಳೆ ಹಾರಿಹೋಗುತ್ತದೆ. ಕೆಳಗಿನ ಶೆಡ್ಡಿನಲ್ಲಿ ಪರದೆಯಿಲ್ಲದೆ ಮಲಗುವ ಕೂಲಿಕಾರರಲ್ಲಿ ಒಬ್ಬರು ಒಡಿಶಾದಿಂದಲೋ ಛತ್ತೀಸಗಡದಿಂದಲೋ ಸೋಂಕು ಹೊತ್ತು ಬಂದಿದ್ದರೆ ಸರಪಳಿಯ ಎಲ್ಲ ಕೊಂಡಿಗಳೂ ಒಂದೇ ಸೈಟಿನಲ್ಲಿ ಕೂಡಿದಂತಾಯಿತು. ಐದಾರು ದಿನಕ್ಕೊಮ್ಮೆ ಆ ನೀರನ್ನು ಪೂರ್ತಿ ಹರಿಯಬಿಟ್ಟು ಹೊಸದಾಗಿ ತುಂಬಿದರೆ ಕಾಂಕ್ರೀಟಿಗೆ ನಷ್ಟವಿಲ್ಲ. ಗೋಣಿ ಹಾಸಿ ನೆನೆಸುತ್ತ ಇದ್ದರೆ ಇನ್ನೂ ಒಳ್ಳೆಯದು. ಲಿಫ್ಟ್ ಗುಂಡಿ, ಬೇಸ್‌ಮೆಂಟಿನಲ್ಲಿ ಉಳಿದ ನೀರು, ಇಟ್ಟಿಗೆ ನೆನೆಸುವ ತೊಟ್ಟಿಯನ್ನೂ ಮರೆಯಬಾರದು.

ಸಂಪಿನ ಮುಚ್ಚಳ ಇದ್ದರೆ ಸಾಲದು, ಅಂಚು ಕೂಡಿಕೊಳ್ಳಬೇಕು. ಪೈಪ್ ಒಳಹೋಗುವ ಕಡೆಯ ಸಂದಿಯನ್ನು ಸಿಮೆಂಟಿನಿಂದ ಮುಚ್ಚಿ. ಗಾಳಿ ಪೈಪು ಮತ್ತು ನೀರು ತುಂಬಿ ಹೊರಬರುವ ಪೈಪಿನ ಬಾಯಿಗೆ ಹತ್ತಿ ಬಟ್ಟೆ ಅಥವಾ ಸಣ್ಣ ಕಣ್ಣಿನ ಬಲೆ ಬಿಗಿಯಾಗಿ ಕಟ್ಟಿ. ಮರಿ ಇದೆಯೇ ಎಂದು ನೋಡಲು ಬಿಳಿ ಬಟ್ಟಲು ಅಥವಾ ಉದ್ದ ಹಿಡಿಯ ಸೌಟು ಸಾಕು. ನೆರಳು ಬೀಳದಂತೆ, ನೀರು ಕಲಕದಂತೆ ಅಂಚಿನಿಂದ ಓರೆಯಾಗಿ ಅದ್ದಿ ತೆಗೆಯಿರಿ. ನೀರಿನ ಮಟ್ಟಕ್ಕೆ ಸಮನಾಗಿ ಅಡ್ಡ ಮಲಗಿದಂತೆ ತೇಲುವ ಮರಿ ಅನಾಫಿಲಿಸ್‌ನದು. ತಲೆ ಕೆಳಗಾಗಿ ನೇತಾಡುತ್ತಿದ್ದರೆ ಈಡಿಸ್ ಅಥವಾ ಕ್ಯೂಲೆಕ್ಸ್. ಖಾಲಿ ಮಾಡಲಾಗದ ಬಾವಿ, ತೋಟದ ತೊಟ್ಟಿ, ಕಟ್ಟೆಗಳಿಗೆ ಗಪ್ಪಿ ಮೀನು ಬಿಡುವುದು ಒಳ್ಳೆಯ ದಾರಿ. ಅದನ್ನು ತಂದು ನೇರವಾಗಿ ಸುರಿಯದೆ, ಚೀಲ ಸಮೇತ ಸ್ವಲ್ಪ ಹೊತ್ತು ನೀರಿನಲ್ಲಿ ಇಟ್ಟು ಶಾಖ ಹೊಂದಿದ ಮೇಲೆ ಬಿಡಬೇಕು. ಕ್ಲೋರಿನ್ ಬಲವಾಗಿರುವ ನೀರಿನಲ್ಲಿ ಮೀನು ಬದುಕುವುದಿಲ್ಲ.

ರೇಷ್ಮೆ ಸಾಕುವ ಮನೆಗಳದು ಇನ್ನೊಂದು ಕಷ್ಟ. ಗೋಡೆಗೆ ಹೊಡೆದ ಕೀಟನಾಶಕ ಹುಳುವನ್ನೂ ಕೊಲ್ಲುತ್ತದೆ, ಅದಕ್ಕೇ ಸಾಕಣೆದಾರರು ಸ್ಪ್ರೇ ತಂಡವನ್ನು ಒಳಗೆ ಬಿಡಲು ಒಪ್ಪುವುದಿಲ್ಲ. ಅವರ ಭಯದಲ್ಲಿ ತಪ್ಪೇನೂ ಇಲ್ಲ, ಒಂದು ಬೆಳೆ ಹೋದರೆ ಸಂಸಾರವೇ ಅಲುಗಾಡುತ್ತದೆ. ಅಂಥ ಊರುಗಳಲ್ಲಿ ಮೀನು ಮತ್ತು ನೀರಿನ ನಿರ್ವಹಣೆಗೇ ಒತ್ತು ಕೊಡಬೇಕು. ಔಷಧ ಲೇಪಿತ ಪರದೆಯನ್ನು ಹುಳುವಿನ ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆಗಳಿಂದ ದೂರ, ಬೇರೆ ಕೋಣೆಯಲ್ಲಿ ಕಟ್ಟಬೇಕು. ಪರದೆ ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ಸೊಪ್ಪು ಹಾಕಬಾರದು.

ಹಿಂದೆ ಏನಾಗಿತ್ತು

ಶ್ರೀರಂಗಪಟ್ಟಣದ ಜ್ವರಕ್ಕೆ ಬೇಸತ್ತು ಬ್ರಿಟಿಷರು 1809ರಲ್ಲಿ ತಮ್ಮ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ಕನ್ನಂಬಾಡಿ ಕಟ್ಟೆಯ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, 1930ರ ದಶಕದಲ್ಲಿ ಮಂಡ್ಯದ ಬಯಲಿಗೆ ನೀರು ತಂದಾಗ ಬೆಳೆಯ ಜೊತೆ ಚಳಿಜ್ವರವೂ ಬಂತು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಸಂಸ್ಥಾನ ಆಗಲೇ ಮಲೇರಿಯಾ ಅಧ್ಯಯನ ಕೈಗೊಂಡಿತ್ತು. ಆ ಕಾಲದಲ್ಲಿ ಒಂದು ಊರಿನ ಸ್ಥಿತಿ ತಿಳಿಯಲು ಮಕ್ಕಳ ಹೊಟ್ಟೆ ಮುಟ್ಟಿ, ಎಷ್ಟು ಮಕ್ಕಳಿಗೆ ಮಲೇರಿಯಾದಿಂದ ಗುಲ್ಮ (ಸ್ಪ್ಲೀನ್) ಊದಿದೆ ಎಂದು ಎಣಿಸುತ್ತಿದ್ದರು.

ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಅಂದಾಜು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು. 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಗಿ, ಮನೆ ಮನೆಗೆ ಡಿಡಿಟಿ ಹೊಡೆದು, 1965ಕ್ಕೆ ಪ್ರಕರಣಗಳು ಸುಮಾರು ಒಂದು ಲಕ್ಷಕ್ಕೆ ಇಳಿದವು. ಗೆದ್ದೆವೆಂದು ಕೈ ಸಡಿಲಾಯಿತು, ಸೊಳ್ಳೆಯೂ ಡಿಡಿಟಿಗೆ ಒಗ್ಗಿಕೊಂಡಿತು. 1976ರಲ್ಲಿ ಮತ್ತೆ 64 ಲಕ್ಷ ಪ್ರಕರಣಗಳು. ಈಗ ಮತ್ತೊಮ್ಮೆ ಸಂಖ್ಯೆ ತಳಕ್ಕೆ ಬಂದಿದೆ, 2030ರೊಳಗೆ ನಿರ್ಮೂಲನೆ ಎಂಬುದು ದೇಶದ ಗುರಿ. ಕಡಿಮೆಯಾದ ಕಾಲದಲ್ಲೇ ಎಚ್ಚರ ಹೆಚ್ಚು ಬೇಕು, ಏಕೆಂದರೆ ಕಾಯಿಲೆ ಕಾಣದ ಊರಿನ ಜನರಿಗೆ ಅದರ ವಿರುದ್ಧ ಶಕ್ತಿಯೂ ಇರುವುದಿಲ್ಲ, ವೈದ್ಯರಿಗೆ ತಕ್ಷಣ ಅನುಮಾನವೂ ಬರುವುದಿಲ್ಲ.

ಮನುಷ್ಯನ ಒಳಗೆ

ಸೊಳ್ಳೆ ಚುಚ್ಚಿದ ಒಂದು ಗಂಟೆಯೊಳಗೇ ಸ್ಪೋರೊಜಾಯಿಟ್‌ಗಳು ಪಿತ್ತಜನಕಾಂಗ ತಲುಪಬಲ್ಲವು. ಅಲ್ಲಿ ಸುಮಾರು ಒಂದು ವಾರ ಸದ್ದಿಲ್ಲದೆ ಹೆಚ್ಚುತ್ತವೆ. ಒಂದೊಂದರಿಂದ ಸಾವಿರಾರು ಮರಿಗಳಾಗಿ ರಕ್ತಕ್ಕೆ ಬಂದು ಕೆಂಪು ರಕ್ತಕಣಗಳನ್ನು ಹೊಗುತ್ತವೆ. ಕಣದೊಳಗೆ ಬೆಳೆದು, ಹತ್ತಿಪ್ಪತ್ತಾಗಿ, 48 ಗಂಟೆಗೊಮ್ಮೆ ಕಣ ಒಡೆದು ಹೊರಬಂದು ಹೊಸ ಕಣಗಳಿಗೆ ನುಗ್ಗುತ್ತವೆ. ಕಣಗಳು ಒಟ್ಟೊಟ್ಟಿಗೆ ಒಡೆದಾಗ ಚಳಿಜ್ವರ: ಅರ್ಧ ಗಂಟೆಯಿಂದ ಒಂದು ಗಂಟೆ ಹಲ್ಲು ಕಟಕಟಿಸುವ ನಡುಕ, ಆಮೇಲೆ ಕೆಲವು ಗಂಟೆ ಮೈ ಸುಡುವ ಜ್ವರ, ಕೊನೆಗೆ ಹಾಸಿಗೆ ಒದ್ದೆಯಾಗುವಷ್ಟು ಬೆವರು. ಕಚ್ಚಿದ ದಿನದಿಂದ ಮೊದಲ ಜ್ವರಕ್ಕೆ ಸಾಮಾನ್ಯವಾಗಿ ಹತ್ತರಿಂದ ಹದಿನೈದು ದಿನ. ಮೊದಲ ಕೆಲವು ದಿನ ಈ ಲಯ ಕೂಡಿರುವುದಿಲ್ಲ, ದಿನವೂ ಜ್ವರ ಬರಬಹುದು, ತಲೆನೋವು, ವಾಂತಿ, ಮೈಕೈ ನೋವು ಮಾತ್ರ ಇರಬಹುದು. ಜ್ವರ ದಿನ ಬಿಟ್ಟು ದಿನ ಬರಲಿ, ಆಮೇಲೆ ನೋಡೋಣ ಎಂದು ಕಾಯುವುದು ಅಪಾಯ.

ನಮ್ಮ ದೇಶದಲ್ಲಿ ಮುಖ್ಯವಾಗಿ ಎರಡು ಬಗೆ. ವೈವಾಕ್ಸ್ ಎಳೆಯ ರಕ್ತಕಣಗಳನ್ನು ಮಾತ್ರ ಹಿಡಿಯುತ್ತದೆ, ಹಾಗಾಗಿ ರಕ್ತದಲ್ಲಿ ಅದರ ಸಂಖ್ಯೆಗೆ ಒಂದು ಮಿತಿ ಇದೆ. ಆದರೆ ಅದರ ಒಂದು ಪಾಲು ಪಿತ್ತಜನಕಾಂಗದಲ್ಲಿ ನಿದ್ರಿಸುತ್ತ ಉಳಿದು, ವಾರಗಳ ನಂತರವೋ ಎಂಟು ಹತ್ತು ತಿಂಗಳ ನಂತರವೋ ಹೊಸ ಸೊಳ್ಳೆ ಕಚ್ಚದೆಯೂ ಮರುಕಳಿಸುತ್ತದೆ. ಫಾಲ್ಸಿಪೇರಮ್ ಎಳೆಯದು ಬಲಿತದ್ದು ಎನ್ನದೆ ಎಲ್ಲ ಕಣಗಳಿಗೂ ನುಗ್ಗುತ್ತದೆ. ಸೋಂಕಿದ ಕಣಗಳ ಮೈಮೇಲೆ ಅಂಟುವ ಗುಬುಟುಗಳೆದ್ದು, ಅವು ಸಣ್ಣ ರಕ್ತನಾಳಗಳ ಗೋಡೆಗೆ ಕಚ್ಚಿಕೊಳ್ಳುತ್ತವೆ. ಮಿದುಳಿನಲ್ಲಿ ಹೀಗಾದರೆ ಮಂಪರು, ಫಿಟ್ಸ್, ಪ್ರಜ್ಞೆ ತಪ್ಪುವುದು. ಮೂತ್ರಪಿಂಡದಲ್ಲಾದರೆ ಮೂತ್ರ ಕಡಿಮೆಯಾಗುವುದು. ಜೊತೆಗೆ ರಕ್ತಹೀನತೆ, ಕಾಮಾಲೆ, ಉಸಿರಾಟದ ತೊಂದರೆ, ರಕ್ತದಲ್ಲಿ ಸಕ್ಕರೆ ಕುಸಿತ. ಬೆಳಗ್ಗೆ ಎದ್ದು ಓಡಾಡುತ್ತಿದ್ದವರು ಒಂದೆರಡು ದಿನದಲ್ಲಿ ಕೈ ಮೀರಬಹುದು. ಐದು ವರ್ಷದೊಳಗಿನ ಮಕ್ಕಳು ಮತ್ತು ಗರ್ಭಿಣಿಯರಿಗೆ ಅಪಾಯ ಇನ್ನೂ ಹೆಚ್ಚು. ಮಾತು ತೊದಲಿದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಹಾಕಿಸುತ್ತ ಕೂರದೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ. ಅಲ್ಲಿ ಆರ್ಟಿಸುನೇಟ್ ಇಂಜೆಕ್ಷನ್ ತಕ್ಷಣ, 12 ಗಂಟೆಗೆ, 24 ಗಂಟೆಗೆ ಹೀಗೆ ಕೊಡುತ್ತಾರೆ.

ರಕ್ತ ಪರೀಕ್ಷೆ ಮತ್ತು ಮಾತ್ರೆ

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಉಚಿತ. ಬೆರಳ ತುದಿಯ ಬದಿಗೆ ಚುಚ್ಚಿ ಗಾಜಿನ ಮೇಲೆ ರಕ್ತ ಲೇಪನ ಮಾಡುತ್ತಾರೆ: ದಪ್ಪ ಲೇಪನದಲ್ಲಿ ರೋಗಾಣು ಇದೆಯೇ ಎಂದೂ, ತೆಳು ಲೇಪನದಲ್ಲಿ ಯಾವ ಬಗೆ ಎಂದೂ ತಿಳಿಯುತ್ತದೆ. ತುರ್ತಿದ್ದರೆ ಕಿಟ್ ಪರೀಕ್ಷೆ ಇದೆ, 15–20 ನಿಮಿಷದಲ್ಲಿ ಉತ್ತರ. ಜ್ವರ ಏರಿದಾಗಲೇ ರಕ್ತ ತೆಗೆಯಬೇಕೆಂದಿಲ್ಲ, ಯಾವ ಹೊತ್ತಾದರೂ ಸರಿ. ಆದರೆ ಮೆಡಿಕಲ್ ಸ್ಟೋರಿನಿಂದ ತಂದ ಎರಡು ಕ್ಲೋರೊಕ್ವಿನ್ ನುಂಗಿ ಬಂದರೆ ರೋಗಾಣು ಕಾಣದಷ್ಟು ತಗ್ಗಿ, ಪರೀಕ್ಷೆ ಸುಳ್ಳು ಭರವಸೆ ಕೊಡುತ್ತದೆ. ಒಮ್ಮೆ ನೆಗೆಟಿವ್ ಬಂದು ಜ್ವರ ಮುಂದುವರಿದರೆ ಮರುದಿನ, ಅದರ ಮರುದಿನ ಮತ್ತೆ ಮಾಡಿಸಿ. ಫಾಲ್ಸಿಪೇರಮ್ ಹಿಡಿಯುವ ಕಿಟ್ ವಾಸಿಯಾದ ಮೇಲೂ ಕೆಲವು ವಾರ ಪಾಸಿಟಿವ್ ತೋರಿಸಬಹುದು. ವಾಸಿಯಾಯಿತೇ ಎಂದು ನೋಡಲು ಲೇಪನವೇ ಸರಿ.

ವೈವಾಕ್ಸ್‌ಗೆ ಕ್ಲೋರೊಕ್ವಿನ್ ಮೂರು ದಿನ: ವಯಸ್ಕರಿಗೆ 150 ಮಿ.ಗ್ರಾಂ ಬೇಸ್ ಇರುವ ಮಾತ್ರೆ ಮೊದಲ ದಿನ ನಾಲ್ಕು, ಎರಡನೇ ದಿನ ನಾಲ್ಕು, ಮೂರನೇ ದಿನ ಎರಡು. ಇದು ರಕ್ತದಲ್ಲಿರುವುದನ್ನು ಕೊಲ್ಲುತ್ತದೆ, ಪಿತ್ತಜನಕಾಂಗದಲ್ಲಿ ಮಲಗಿರುವುದನ್ನು ಮುಟ್ಟುವುದಿಲ್ಲ. ಅದಕ್ಕೆ ಪ್ರೈಮಾಕ್ವಿನ್, ವಯಸ್ಕರಿಗೆ ದಿನಕ್ಕೆ 15 ಮಿ.ಗ್ರಾಂನಂತೆ 14 ದಿನ. ಹೆಚ್ಚಿನವರು ಎಡವುವುದು ಇಲ್ಲೇ. ಎರಡು ಮೂರು ದಿನಕ್ಕೆ ಜ್ವರ ಇಳಿಯುತ್ತದೆ, ಖಾಲಿ ಹೊಟ್ಟೆಯಲ್ಲಿ ನುಂಗಿದ್ದಕ್ಕೆ ಹೊಟ್ಟೆ ಸಂಕಟವಾಗುತ್ತದೆ, ಐದನೇ ದಿನಕ್ಕೆ ಮಾತ್ರೆ ಗೂಡಿನಲ್ಲಿ ಉಳಿಯುತ್ತದೆ. ಊಟವಾದ ಮೇಲೆ ನುಂಗಿದರೆ ಬಹುಮಟ್ಟಿಗೆ ಸಂಕಟ ಇರುವುದಿಲ್ಲ. ಗರ್ಭಿಣಿಯರಿಗೆ, ಎಳೆಗೂಸುಗಳಿಗೆ, ಜಿ6ಪಿಡಿ ಕಿಣ್ವದ ಕೊರತೆ ಇರುವವರಿಗೆ ಪ್ರೈಮಾಕ್ವಿನ್ ಕೊಡುವಂತಿಲ್ಲ. ಕೊರತೆ ಇರುವವರಲ್ಲಿ ಅದು ರಕ್ತಕಣಗಳನ್ನೇ ಒಡೆಯುತ್ತದೆ. ಮಾತ್ರೆ ಶುರುವಾದ ಮೇಲೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಅಂದೇ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಫಾಲ್ಸಿಪೇರಮ್‌ಗೆ ಆರ್ಟಿಸುನೇಟ್ ಸೇರಿದ ಜೋಡಿ ಔಷಧ ಮೂರು ದಿನ, ಜೊತೆಗೆ ಎರಡನೇ ದಿನ ಒಂದೇ ಒಂದು ಸಲ ಪ್ರೈಮಾಕ್ವಿನ್. ಈ ಒಂದು ಸಲದ ಮಾತ್ರೆ ರೋಗಿಗಿಂತ ಊರಿಗೆ ಹೆಚ್ಚು ಮುಖ್ಯ. ಸೊಳ್ಳೆಗೆ ಸೋಂಕು ಕೊಡುವ ಬಲಿತ ಗ್ಯಾಮಿಟೋಸೈಟ್‌ಗಳು ಜ್ವರ ಶುರುವಾಗಿ ವಾರ ಹತ್ತು ದಿನದ ಮೇಲೆ ರಕ್ತದಲ್ಲಿ ಕಾಣಿಸಿಕೊಳ್ಳುತ್ತವೆ, ಮಿಕ್ಕ ಔಷಧಗಳಿಗೆ ಸುಲಭವಾಗಿ ಸಾಯುವುದಿಲ್ಲ. ಅದನ್ನು ನುಂಗದೆ ಬಿಟ್ಟ ವ್ಯಕ್ತಿ ಪೂರ್ತಿ ಆರಾಮಾಗಿ ಓಡಾಡುತ್ತಲೇ ವಾರಗಟ್ಟಲೆ ಸೊಳ್ಳೆಗಳಿಗೆ ರೋಗಾಣು ಉಣಿಸುತ್ತಿರಬಹುದು. ವೈವಾಕ್ಸ್‌ನಲ್ಲಿ ಗ್ಯಾಮಿಟೋಸೈಟ್ ಜ್ವರದ ಜೊತೆಜೊತೆಗೇ ಬರುತ್ತದೆ, ಆದ್ದರಿಂದ ಅಲ್ಲಿ ಒಂದೊಂದು ದಿನ ತಡವೂ ಲೆಕ್ಕಕ್ಕೆ ಬರುತ್ತದೆ.

ಹೊರಗಿನಿಂದ ಬಂದವರು

ಮಂಡ್ಯದ ಆಲೆಮನೆಗಳಿಗೆ ಉತ್ತರ ಭಾರತದಿಂದ, ಕಬ್ಬು ಕಡಿಯಲು ಉತ್ತರ ಕರ್ನಾಟಕದಿಂದ, ಮೈಸೂರಿನ ಕಟ್ಟಡಗಳಿಗೆ ಪೂರ್ವ ರಾಜ್ಯಗಳಿಂದ ಜನ ಬರುತ್ತಾರೆ. ನಮ್ಮವರೂ ಮಂಗಳೂರು ಕಡೆಗೆ ಕೆಲಸಕ್ಕೆ ಹೋಗಿ ಬರುತ್ತಾರೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಮುಟ್ಟಿದರೆ, ಜೊತೆಗೆ ಉಂಡರೆ, ಅದೇ ನೀರು ಕುಡಿದರೆ ಮಲೇರಿಯಾ ಅಂಟುವುದಿಲ್ಲ, ಅವರನ್ನು ದೂರ ಇಡುವುದರಿಂದ ಕಾಯಿಲೆ ಬಚ್ಚಿಡುವುದು ಮಾತ್ರ ಹೆಚ್ಚುತ್ತದೆ.

ಆಲೆಮನೆ ನಡೆಸುವವರು, ಮೇಸ್ತ್ರಿಗಳು ಮಾಡಬಹುದಾದದ್ದು ಬಹಳ ಇದೆ. ತಂಡ ಬಂದ ವಾರದೊಳಗೆ ಆಶಾ ಕಾರ್ಯಕರ್ತೆಗೆ ಹೇಳಿ ರಕ್ತ ಲೇಪನ ತೆಗೆಸಿ. ಅಂದು ನೆಗೆಟಿವ್ ಬಂತೆಂದು ಬಿಡಬೇಡಿ. ವೈವಾಕ್ಸ್ ತಿಂಗಳುಗಳ ನಂತರ ಏಳಬಲ್ಲದು, ಹಂಗಾಮು ಮುಗಿಯುವವರೆಗೆ ಅವರಲ್ಲಿ ಯಾರಿಗೆ ಜ್ವರ ಬಂದರೂ 24 ಗಂಟೆಯೊಳಗೆ ಪರೀಕ್ಷೆಯಾಗಲಿ, ಆ ದಿನದ ಕೂಲಿ ಕಡಿಯಬೇಡಿ. ಕೂಲಿ ಹೋಗುತ್ತದೆಂಬ ಭಯಕ್ಕೇ ಎಷ್ಟೋ ಜನ ಜ್ವರ ಮುಚ್ಚಿಟ್ಟು ಕಬ್ಬು ಹೊರುತ್ತಾರೆ. ಮಲಗುವ ಶೆಡ್ಡಿನಲ್ಲಿ ಪರದೆ ಕಟ್ಟಲು ನಾಲ್ಕು ಮೂಲೆಗೂ ಗೂಟ ಹೊಡೆಸಿ. ಔಷಧ ಲೇಪಿತ ಪರದೆಯನ್ನು ಸಾಧಾರಣ ಸೋಪಿನಲ್ಲಿ ಮೆಲ್ಲಗೆ ಒಗೆದು ನೆರಳಿನಲ್ಲಿ ಒಣಗಿಸಬೇಕು, ಬಿಸಿಲಿಗೆ ಹಾಕಿದರೆ ಔಷಧದ ಬಲ ಕುಗ್ಗುತ್ತದೆ. ಸೋಂಕು ತಗುಲಿದವರ 14 ದಿನದ ಮಾತ್ರೆ ಮುಗಿಯುವ ಮೊದಲೇ ತಂಡ ಹೊರಡುವುದಾದರೆ, ಉಳಿದ ಮಾತ್ರೆ ಮತ್ತು ಯಾವ ದಿನದವರೆಗೆ ನುಂಗಿದ್ದಾರೆ ಎಂದು ಬರೆದ ಚೀಟಿಯನ್ನು ಕೈಗೆ ಕೊಟ್ಟು, ಮುಂದಿನ ಊರಿನ ಆರೋಗ್ಯ ಕೇಂದ್ರದಲ್ಲಿ ತೋರಿಸಲು ಹೇಳಿ ಕಳಿಸಿ.